ಹೆಬ್ಬೆಟ್ಟಿನ ಗೆರೆ

ಆ ವರ್ಷ ನಮ್ಮ ಬೀದಿಯ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆದಾಗ ಡಾಕ್ಟರಮ್ಮ ನನ್ನ ಎದೆಯಲ್ಲೊಂದು ಗಂಟು ಪತ್ತೆ ಮಾಡಿದರು. ‘ಈಗಲೇ ಭಯ ಬೇಡ. ಆರು ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿಸಿ. ಬೆಳೆದಿದ್ದರೆ ಮುಂದಿನದು ನೋಡೋಣ’ ಎಂದರು. ಸ್ನಾನಕ್ಕೆ ಹೋದಾಗಲೆಲ್ಲ ಮುಟ್ಟಿ ನೋಡುವುದು, ಬೆಳೆದಿದೆ ಅನ್ನಿಸುವುದು, ಇಲ್ಲ ಅನ್ನಿಸುವುದು. ಆರು ತಿಂಗಳಲ್ಲಿ ಸಾಕುಸಾಕಾಗಿ ಹೋಯಿತು.

ಸರ್ಕಾರದ ಆರೋಗ್ಯ ಕಾರ್ಡಿದ್ದರೆ ಸ್ಕ್ಯಾನ್ ಪುಕ್ಕಟೆ. ಚೀಟಿ ಬರೆಸಿಕೊಂಡು ರಾಮನಗರದ ಆಸ್ಪತ್ರೆಗೆ ಹೋದೆ. ಕೌಂಟರಿನಲ್ಲಿ ಹೆಬ್ಬೆಟ್ಟು ಒತ್ತಿ ಅಂದರು. ಒತ್ತಿದೆ. ಕೊನೆಗೆ ಹತ್ತೂ ಬೆರಳು ಒತ್ತಿದೆ. ಆ ದರಿದ್ರ ಯಂತ್ರ ಒಂದನ್ನೂ ಒಪ್ಪಲಿಲ್ಲ. ಇಪ್ಪತ್ತು ವರ್ಷ ರೇಷ್ಮೆಗೂಡು ಬೇಯುವ ನೀರಿಗೆ ಕೈ ಹಾಕಿ ನೂಲು ತೆಗೆದವಳು ನಾನು. ಬೆರಳ ತುದಿಯಲ್ಲಿ ಗೆರೆಯೇ ಉಳಿದಿರಲಿಲ್ಲ.

‘ರೀಲಿಂಗ್ ಮಾಡೋರಾ? ಹತ್ತು ದಿನ ನೀರಿಗೆ ಕೈ ಇಕ್ಬೇಡಿ ಕಣಮ್ಮ. ಕೊಬ್ರಿ ಎಣ್ಣೆ ಸವರ್ಕೊಂಡು ಬನ್ನಿ, ಗೆರೆ ಬತ್ತವೆ’ ಎಂದಳು ಕೌಂಟರಿನ ಹೆಂಗಸು. ಹತ್ತು ದಿನ! ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಬಂದೆ.

ನಮ್ಮ ಶೆಡ್ಡಿನಲ್ಲಿ ಗೂಡು ಬೇಯುವ ಬೇಸಿನ್ ಎರಡು, ನೂಲು ತೆಗೆಯುವವರು ಇಬ್ಬರೇ, ನಾನು ಮತ್ತು ನನ್ನ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ, ಕೂಟಗಲ್ ಕಡೆಯವರು. ನಾನು ಅಕ್ಕ ಅನ್ನುತ್ತಿದ್ದೆ. ‘ನೀನ್ ಸುಮ್ಕೆ ಕುಂತ್ಕೊ. ನಿನ್ ಬೇಸಿನ್ನೂ ನಾನೇ ನೋಡ್ಕತೀನಿ’ ಅಂದರು.

ಒಂಬತ್ತನೆಯ ದಿನ ಅಕ್ಕ ಸೌದೆ ತರಲು ಹೋದಾಗ ಎಳೆ ಕಡಿದುಹೋಯಿತು. ನೋಡಿಕೊಂಡು ಸುಮ್ಮನಿರಲು ಈ ಕೈಗೆ ಬಂದರೆ ತಾನೆ? ಸುಡುನೀರಿಗೆ ಬೆರಳಿಳಿಸಿ, ಎಳೆ ಹುಡುಕಿ ಜೋಡಿಸಿದ ಮೇಲೆ ನೆನಪಾಯಿತು. ಅಷ್ಟು ದಿನ ಎಣ್ಣೆ ಕುಡಿದು ಮೆತ್ತಗಾಗಿದ್ದ ಚರ್ಮ ಬೊಬ್ಬೆ ಎದ್ದಿತು.

‘ಅಯ್ಯೋ, ನಿನ್ ಬುದ್ಧಿಗಿಷ್ಟು! ಹೋದ್ರೆ ಒಂದು ಎಳೆ ಹೋಗ್ಲಿ ಬುಡು ಅನ್ನಕ್ಕಾಗ್ಲಿಲ್ವಾ?’ ಅಂತ ಅಕ್ಕ ಬೈದರು. ನನ್ನ ಮೇಲೆ ನನಗೇ ಸಿಟ್ಟು ಬಂದು ಅಳು ಬಂತು. ಮತ್ತೆ ಒಂದರಿಂದ ದಿನ ಎಣಿಸಲು ಶುರುಮಾಡಿದೆ. ಎರಡೂ ಬೇಸಿನ್ ಮತ್ತೆ ಅಕ್ಕನ ಪಾಲಾದವು.

ಎರಡನೆಯ ಸಲ ಅಕ್ಕನೂ ಜೊತೆಗೆ ಬಂದರು. ಮೂರು ಸಲ ಒತ್ತಿದ ಮೇಲೆ ಯಂತ್ರಕ್ಕೆ ನನ್ನ ಗುರುತು ಸಿಕ್ಕಿತು. ಸ್ಕ್ಯಾನ್ ಆಯಿತು. ಗಂಟು ಬೆಳೆದಿರಲಿಲ್ಲ. ಇನ್ನೊಂದು ವರ್ಷ ಬಿಟ್ಟು ತೋರಿಸಿ ಎಂದರು ಡಾಕ್ಟರು. ಖುಷಿಪಡಲೂ ತ್ರಾಣವಿಲ್ಲದೆ ಹೊರಗಿನ ಬೆಂಚಿನ ಮೇಲೆ ಕುಳಿತೆ.

ಅಕ್ಕ ಪಕ್ಕದಲ್ಲಿ ಕುಳಿತರು. ‘ನಾಳಿಂದ ನೀನ್ ಕೆಲ್ಸ ನೋಡ್ಕೊ. ನನ್ ಕೈ ಒಸಿ ಒಣಗ್ಲಿ’ ಅಂದರು.

‘ಯಾಕಕ್ಕ?’

‘ನಂಗೂ ಒಂದು ಗಂಟೈತೆ ಕಣವ್ವ.’

‘ಯಾಕ್ ಹೇಳ್ಲಿಲ್ಲ?’

‘ಇಬ್ರೂ ಕೈ ಒಣಗಿಸ್ಕೊಂಡು ಕುಂತ್ರೆ ಒಲೆ ಹಚ್ಚೋರ್ಯಾರು?’

ಎಷ್ಟು ದಿನದಿಂದ ಇದೆ ಎಂದು ಕೇಳಲು ನನಗೆ ಮುಖವಿರಲಿಲ್ಲ.