ಎಲ್ಲರನ್ನೂ ಕೇಳುವ ಅಧ್ಯಕ್ಷಮ್ಮ

ಮಹಿಳಾ ಸ್ವಸಹಾಯ ಸಂಘದ ನಮ್ಮ ಅಧ್ಯಕ್ಷಮ್ಮನಿಗೆ ಮೂರು ಜನ ಒಂದೆಡೆ ನಿಂತರೆ ಸಾಕು, ಅದೇ ಸಭೆ. ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಕೊನೆಗೆ ಬಸ್ಸಿನೊಳಗೂ ಗಂಟಲು ಸರಿಮಾಡಿಕೊಂಡು, "ಒಪ್ಪಿಗೆ ಇರೋರು ಕೈ ಎತ್ತಿ" ಎನ್ನುತ್ತಾರೆ. ಒಮ್ಮೆ ಡ್ರೈವರೂ ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿದ್ದರಿಂದ ಬಸ್ಸು ಚರಂಡಿಗಿಳಿಯಿತು. ಮನೆಯಲ್ಲಿ ಗಂಡ "ಹಸಿವಾಗ್ತಿದೆ ಕಣೇ" ಎಂದರೆ, "ಅನುಮೋದಿಸೋರು ಯಾರು?" ಎಂದು ಕೇಳುತ್ತಾರೆ. ಪಾಪ, ಆತ ಊಟದ ಹೊತ್ತಿಗೆ ಪಕ್ಕದ ಮನೆಯವನನ್ನು ಕರೆತರುತ್ತಾನೆ. ಅನುಮೋದಿಸಿದ ತಪ್ಪಿಗೆ ಅವನಿಗೂ ಬಡಿಸಬೇಕಾಗುತ್ತದೆ. ಎಮ್ಮೆ ತಲೆಯಾಡಿಸುವ ತನಕ ಅಧ್ಯಕ್ಷಮ್ಮ ಹಾಲು ಕರೆಯಲು ಕೂರುವುದಿಲ್ಲ. ಮೊನ್ನೆಯ ಸಭೆಗೆ ಬಟ್ಟೆ ಹೊಲಿಯುವವಳ ಸೊಸೆ ಹೊಸದಾಗಿ ಬಂದು ಬಾಗಿಲ ಮರೆಯಲ್ಲಿ ಕೂತಳು. "ನಿನಗೇನನ್ಸುತ್ತೆ, ಮಗಳೇ?" ಎಂದು ಅಧ್ಯಕ್ಷಮ್ಮ ಕೇಳಿದರೆ, ಅಲ್ಲೇ ಕೂತಿದ್ದ ಅತ್ತೆಯ ಮುಖ ನೋಡಿದಳು. ಅಧ್ಯಕ್ಷಮ್ಮ ಸಭೆ ನಿಲ್ಲಿಸಿ ಕಾದರು. ಚಹಾ ಆರಿತು, ಹೆಂಗಸರು ಆಕಳಿಸಿದರು, ಒಬ್ಬಳು ಗೋಡೆಗೊರಗಿ ಗೊರಕೆಯನ್ನೂ ಹೊಡೆದಳು. "ಅವಳು ಮಾತಾಡೋಳಲ್ಲ, ಮುಂದೆ ನಡೀಲಿ" ಎಂದಳು ಅತ್ತೆ. "ನನ್ನ ಮದುವೆಗೇ ನನ್ನನ್ನ ಯಾರೂ ಕೇಳ್ಲಿಲ್ಲ ಅಕ್ಕ, ಇವಳ ಮಾತು ಕೇಳದೆ ನಾನು ಏಳೋದಿಲ್ಲ" ಎಂದರು ಅಧ್ಯಕ್ಷಮ್ಮ, ಎಂದೂ ಇಲ್ಲದಷ್ಟು ಮೆಲ್ಲಗೆ. ಬಹಳ ಹೊತ್ತಿನ ಮೇಲೆ ಸೊಸೆ, "ಚಳಿ ಆಗ್ತಿದೆ, ಕಿಟಕಿ ಮುಚ್ತೀರಾ?" ಎಂದಳು. ಅಧ್ಯಕ್ಷಮ್ಮ ಅದನ್ನೇ ನಿರ್ಣಯವೆಂದು ಘೋಷಿಸಿ, ಗೊರಕೆಯವಳನ್ನೂ ಎಬ್ಬಿಸಿ ಒಪ್ಪಿಗೆ ಪಡೆದು, ತಾವೇ ಎದ್ದುಹೋಗಿ ಕಿಟಕಿ ಮುಚ್ಚಿದರು. ಆಗ ಸೊಸೆ, ಯಾರೂ ಕೇಳದೆಯೇ, "ಪೂರ್ತಿ ಬೇಡ, ಸ್ವಲ್ಪ ತೆಗೆದಿರ್ಲಿ" ಎಂದಳು.