ಬಲಗಡೆ ಹಿಡಿಯಿದ್ದ ರೀಲು

ಮೀನು ಸಿಗಲಿ ಎಂದು ಜನ ಗಾಳದ ಕೋಲು ಕೊಳ್ಳುತ್ತಾರೆ. ಹೆಣ್ಣು ಸಿಗಲಿ ಎಂದು ಕೋಲು ಆರಿಸಿದವನು ಬಹುಶಃ ನಾನೊಬ್ಬನೇ ಇರಬೇಕು. ಆ ಕೋಲು, ಅದರ ರೀಲು ಎರಡೂ ಇವತ್ತಿಗೂ ನಮ್ಮ ಅಟ್ಟದ ಮೇಲಿವೆ. ಆಯುಧಪೂಜೆಯ ದಿನ ಇಳಿಸಿ, ಧೂಳು ಒರೆಸಿ, ಹನಿ ಎಣ್ಣೆ ಬಿಟ್ಟು, ಕುಂಕುಮ ಇಡುತ್ತೇನೆ. ಆಮೇಲೆ ಯಾರೂ ನೋಡದಿರುವಾಗ ಹಿಡಿಯನ್ನು ಒಂದು ಸುತ್ತು ತಿರುಗಿಸಿ ಅದರ ಟಿಕ್ ಟಿಕ್ ಸದ್ದು ಕೇಳುತ್ತೇನೆ. ಆ ಸದ್ದು ಕೇಳಿದರೆ ನನಗೆ ಮತ್ತೆ ಮದುವೆಯ ವಯಸ್ಸು ಬರುತ್ತದೆ.

ಎಪ್ಪತ್ತರ ದಶಕದ ಮಾತು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅಪ್ಪ ತೀರಿಕೊಂಡಿದ್ದರು. ರಾಜಾಜಿನಗರದ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಅಮ್ಮ, ನಾನು ಇಬ್ಬರೇ ಬಾಡಿಗೆಗಿದ್ದೆವು. ನನಗೆ ಹೆಣ್ಣು ಹುಡುಕುವ ಹೊಣೆ ನನ್ನ ಸೋದರಮಾವನದು. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಅನ್ನುವುದನ್ನು ಉಳಿದವರು ಗಾದೆ ಎಂದುಕೊಂಡಿದ್ದರೆ, ಅವನು ಅದನ್ನು ಹಿರಿಯರ ಅಪ್ಪಣೆ ಎಂದೇ ತಿಳಿದಿದ್ದ.

ನಗರದ ಹೊರಗಿನ ಉಲ್ಲಾಳದ ಕಡೆ ಒಂದು ರೈತರ ಮನೆಯಲ್ಲಿ ಹೆಣ್ಣಿದೆ ಎಂದು ಅವನಿಗೆ ಗೊತ್ತಾಯಿತು. ಯಜಮಾನರಿಗೆ ಹೊಲ ಇತ್ತು, ಹಸು ಇದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಕೆರೆಯಲ್ಲಿ ಗಾಳ ಹಾಕುವ ಹುಚ್ಚಿತ್ತು. ನನ್ನ ಮಾವ ಕೂಡಲೇ ಹೇಳಿಬಿಟ್ಟ: “ನಮ್ಮ ಹುಡುಗನೂ ಅಷ್ಟೇ ಯಜಮಾನ್ರೇ. ಭಾನುವಾರ ಬಂತು ಅಂದ್ರೆ ಗಾಳ ತಗೊಂಡು ಹೊರಟುಬಿಡ್ತಾನೆ, ಊಟಾನೂ ಬೇಡ ಅವನಿಗೆ.” ಅಲ್ಲಿಯವರೆಗೆ ನಾನು ಮೀನನ್ನು ಹತ್ತಿರದಿಂದ ನೋಡಿದ್ದು ಸಾರಿನಲ್ಲಿ ಮಾತ್ರ.

ಹೆಣ್ಣು ನೋಡಲು ಹೋದೆವು. ಹುಡುಗಿ ಕಾಫಿ ತಂದಳು. ಬಲಗೈಯಲ್ಲಿ ಲೋಟ ಎತ್ತಿ ಕೊಡುವಾಗ ಕೈ ನಡುಗಿ, ಅರ್ಧ ಕಾಫಿ ನನ್ನ ಹೊಸ ಟೆರಿಲಿನ್ ಪ್ಯಾಂಟಿನ ಮೇಲೆ ಚೆಲ್ಲಿತು. “ಪಾಪ, ನಾಚಿಕೆ” ಅಂದ ಮಾವ. ನನಗೇನೂ ಅದು ನಾಚಿಕೆಯ ಹಾಗೆ ಕಾಣಲಿಲ್ಲ. ಅವಳು ನೆಲ ನೋಡುತ್ತಿರಲಿಲ್ಲ, ನನ್ನ ಪ್ಯಾಂಟಿನ ಕಲೆ ನೋಡುತ್ತಿದ್ದಳು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಆ ಕ್ಷಣದಲ್ಲೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ. ಇವಳಿಗೆ ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು ಎಂದು ಯಾರೋ ಹೇಳಿದ್ದರು. ಯಾಕೆ ತಪ್ಪಿತು ಎಂದು ಯಾರೂ ಹೇಳಿರಲಿಲ್ಲ.

ಕಾಫಿ ಮುಗಿದದ್ದೇ ತಡ, ಯಜಮಾನರು ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಕೊಟ್ಟಿಗೆಯ ಸೂರಿನಡಿ ಸಾಲಾಗಿ ಬಿದಿರಿನ ಗಾಳದ ಕೋಲುಗಳು. ಪ್ರತಿಯೊಂದಕ್ಕೂ ಒಂದು ಕಥೆ. ರೈಲ್ವೆಯಲ್ಲಿದ್ದ ಆಂಗ್ಲೋ ಇಂಡಿಯನ್ ಸಾಹೇಬರೊಬ್ಬರು ಭಾನುವಾರಗಳಂದು ಅವರ ಕೆರೆಗೆ ಬರುತ್ತಿದ್ದರಂತೆ. ಅವರ ಕೋಲಿಗೆ ನೂಲು ಸುತ್ತುವ ಚಕ್ರ, ಅಂದರೆ ರೀಲು, ಇತ್ತಂತೆ. ಮನೆಯವರಿಗೆಲ್ಲ ಹಿಡಿಯಲು ಕೊಡುತ್ತಿದ್ದರಂತೆ. ಈಗ ಅವರು ದೇಶವನ್ನೇ ಬಿಟ್ಟು ಹೋಗಿದ್ದರು, ಯಜಮಾನರಿಗೆ ಚಕ್ರದ ಹುಚ್ಚು ಅಂಟಿಸಿ.

“ದಂಡಿನ ಕಡೆ, ಕಂಟೋನ್ಮೆಂಟ್ ತಾವ, ಒಂದು ಅಂಗಡೀಲಿ ಸಿಕ್ತದಂತೆ ಸ್ವಾಮಿ. ನಂಗೆ ಅಲ್ಲಿ ಇಂಗ್ಲಿಷಲ್ಲಿ ಮಾತಾಡೋಕೆ ಬರಲ್ಲ. ನೀವು ತಿಳ್ಕಂಡೋರು. ಎರಡನೇ ಶನಿವಾರ ರಜ ಅಲ್ವಾ? ಬನ್ನಿ, ಒಂದು ಒಳ್ಳೇದು ಆರಿಸಿ ಕೊಡಿ.”

ನಾನು ಹೂಂ ಅಂದುಬಿಟ್ಟೆ. ಅಷ್ಟರಲ್ಲಿ ಹಸು ಗೂಟ ಕಿತ್ತುಕೊಂಡು ಪಕ್ಕದವರ ಅವರೆ ಹೊಲಕ್ಕೆ ನುಗ್ಗಿತು ಎಂದು ಯಾರೋ ಕೂಗಿದರು. ಯಜಮಾನರು ಒಂದು ಕೋಲನ್ನು ನನ್ನ ಕೈಗೆ ಕೊಟ್ಟು ಓಡಿದರು. ಕೈ ತೊಳೆಯಲಿಕ್ಕೆಂದು ಚೊಂಬಿನಲ್ಲಿ ನೀರು ಹಿಡಿದು ಹುಡುಗಿ ಬಂದಳು. ನನ್ನನ್ನು ನೋಡಿ ಅಲ್ಲೇ ನಿಂತಳು.

“ಕೋಲು ತಲೆಕೆಳಗಾಗಿ ಹಿಡ್ಕೊಂಡಿದೀರಿ,” ಅಂದಳು. “ಗಾಳ ಹಾಕೋದು ಗೊತ್ತು ಅನ್ನೋದು ಸುಳ್ಳು ತಾನೆ?”

ಸುಳ್ಳು ಹೇಳಲು ನನಗೆ ಮಾವನಷ್ಟು ಅಭ್ಯಾಸವಿರಲಿಲ್ಲ. “ಸುಳ್ಳೇ,” ಅಂದೆ. “ಎರಡನೇ ಶನಿವಾರ ಗೊತ್ತಾಗಿಬಿಡುತ್ತೆ. ಆಮೇಲೆ ನಿಮ್ಮ ತಂದೆ ಈ ಸಂಬಂಧ ಬೇಡ ಅಂತಾರೆ. ನನಗೆ ಬೇಕು.”

ಅವಳು ಹೊಲದ ಕಡೆ ಒಮ್ಮೆ ನೋಡಿದಳು. ಆಮೇಲೆ ಬೇಗಬೇಗ ಹೇಳಿದಳು. “ಹಾಗಾದ್ರೆ ಸರಿಯಾಗಿ ಕೇಳಿಸ್ಕೊಳಿ. ತೀರಾ ಉದ್ದದ್ದು ಬೇಡ, ನಮ್ ಕೆರೆ ದಡದಲ್ಲಿ ಜಾಲಿ ಮರ, ಸಿಕ್ಕಾಕೊಳತ್ತೆ. ತುದಿ ಬಗ್ಗಬೇಕು, ಬುಡ ಬಗ್ಗಬಾರದು. ಇಲ್ಲಿರೋದು ಕುಚ್ಚು ಮೀನು, ಜೊಂಡಿನೊಳಗೆ ಅವಿತಿರತ್ತೆ. ಕಪ್ಪೆ ಮರಿ ಕಂಡ್ರೆ ಹಾರಿ ಹಿಡಿದು ಮತ್ತೆ ಜೊಂಡಿಗೇ ಓಡತ್ತೆ. ಬುಡ ಗಟ್ಟಿ ಇದ್ರೇನೇ ಎಳೆಯೋಕಾಗೋದು. ಇನ್ನೊಂದು. ಚಕ್ರದ ಹಿಡಿ ಬಲಗಡೆ ಇರಬೇಕು. ಮರೀಬೇಡಿ. ಬಲಗಡೆ.”

ಇಷ್ಟು ಹೇಳಿ ಚೊಂಬನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಕೈ ತೊಳೆಯುವುದು ಇಬ್ಬರಿಗೂ ಮರೆತುಹೋಯಿತು.

ಆಮೇಲೆ ನಾನು ಕಚೇರಿಯ ಫೈಲುಗಳ ನಡುವೆ ಅವಳ ಮಾತುಗಳನ್ನು ಮಗ್ಗಿಯ ಹಾಗೆ ಉರುಹೊಡೆದೆ. ಹಿಡಿ ಬಲಗಡೆ ಇರಬೇಕು ಎಂದು ಇಷ್ಟು ಒತ್ತಿ ಹೇಳುವುದೇಕೆ, ಬಲಗೈಯವರಿಗೆ ಬಲಗಡೆಯೇ ಅಲ್ಲವೇ ಎಂದು ಒಮ್ಮೆ ಅನ್ನಿಸಿತು. ಅಲ್ಲಿಗೆ ಬಿಟ್ಟೆ.

ಎರಡನೇ ಶನಿವಾರ ಮಾರ್ಕೆಟ್ಟಿನ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ಇಸ್ತ್ರಿ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಕಾದಿದ್ದರು. ಇನ್ನೊಂದು ಬಸ್ಸು ಹಿಡಿದು ದಂಡಿಗೆ ಹೋದೆವು. ಅದು ಕೋವಿ ಮಾರುವ ಹಳೆಯ ಅಂಗಡಿ. ಗೋಡೆಯ ಮೇಲೆ ಕೊಂಬಿನ ಸಮೇತ ಒಂದು ಜಿಂಕೆಯ ತಲೆ. ಬಿಳಿ ಗಡ್ಡದ ಅಂಗಡಿಯವರು ಮೇಜಿನ ಮೇಲೆ ಕೋಲುಗಳನ್ನು ಸಾಲಾಗಿ ಇಟ್ಟರು. ಬಿದಿರಿನ ಸೀಳುಗಳನ್ನು ಅಂಟಿಸಿ ವೀಣೆಯ ಹಾಗೆ ಮೆರುಗು ಕೊಟ್ಟದ್ದೊಂದು. ಸಮುದ್ರಕ್ಕೆ ಮಾಡಿದ ಒನಕೆ ಗಾತ್ರದ್ದೊಂದು. ಜೇನಿನ ಬಣ್ಣದ ಫೈಬರ್ ಗ್ಲಾಸಿನದು ಇನ್ನೊಂದು.

ಯಜಮಾನರು ನೇರವಾಗಿ ಸಮುದ್ರದ ಕೋಲಿಗೆ ಕೈ ಹಾಕಿದರು. “ಉದ್ದ ಇದ್ರೆ ದೂರ ಹೋಯ್ತದೆ, ಅಲ್ವಾ?”

ನಾನು ಉರುಹೊಡೆದದ್ದನ್ನು ಒಪ್ಪಿಸಿದೆ. ತುದಿ ಬಗ್ಗಬೇಕು, ಬುಡ ಬಗ್ಗಬಾರದು ಅಂದೆ. ಜೊಂಡಿನ ವಿಷಯ ಹೇಳಿದೆ. ಜೇನಿನ ಬಣ್ಣದ ಕೋಲಿನ ತುದಿಯನ್ನು ನೆಲಕ್ಕೆ ಒತ್ತಿ, ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ. “ನಿಮ್ಮ ಕೆರೆ ದಡದಲ್ಲಿ ಜಾಲಿ ಮರ ಇದೆಯಲ್ಲ, ಉದ್ದ ಇದ್ರೆ ಕಷ್ಟ,” ಅಂದೆ.

“ನೀವು ನಮ್ ಕೆರೆ ತಾವ ಬರಲೇ ಇಲ್ವಲ್ಲ,” ಅಂದರು ಅವರು. “ಜಾಲಿ ಇರೋದು ಎಂಗೆ ಗೊತ್ತಾಯ್ತು?”

ಕೇಳಿಸದವನಂತೆ ನಾನು ರೀಲುಗಳ ಕಡೆ ತಿರುಗಿದೆ. ಅಂಗಡಿಯವರು ಒಂದನ್ನು ಮುಂದಿಟ್ಟರು. ಹಿಡಿ ಎಡಗಡೆ ಇತ್ತು. “ಬಲಗಡೆ ಇರೋದು ಕೊಡಿ,” ಅಂದೆ. ಅವರು ಇನ್ನೊಂದು ತೋರಿಸಿದರು, ಅದೂ ಎಡಗಡೆಯೇ. “ಬಲಗಡೇದೇ ಬೇಕು,” ಅಂದೆ, ಜೋರಾಗಿ. ಅವರು ಬೀರುವಿನ ಕೆಳಗಿನಿಂದ ಒಂದು ಹಳೆಯ ಡಬ್ಬಿ ಹುಡುಕಿ ತೆಗೆದರು. ಬೂದು ಬಣ್ಣದ ರೀಲು, ಹಿಡಿ ಬಲಗಡೆ.

“ಸಾರ್, ಕೋಲು ಬಲಗೈಲಿ ಹಿಡಿದ್ರೆ ಎಡಗೈಲಿ ಸುತ್ತಬೇಕು. ಇದು ಎಡಗೈಲಿ ಕೋಲು ಹಿಡಿಯೋರಿಗೆ ಮಾಡಿದ್ದು. ನಿಮ್ಮಲ್ಲಿ ಲೆಫ್ಟ್ ಹ್ಯಾಂಡ್ ಯಾರು ಸಾರ್?”

ನಾನು ಯಜಮಾನರ ಮುಖ ನೋಡಿದೆ. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಚೆಲ್ಲಿದ ಕಾಫಿ, ನಡುಗಿದ ಬಲಗೈ, ತಪ್ಪಿಹೋದ ಎರಡು ಸಂಬಂಧ ಎಲ್ಲವೂ ಆಗ ಒಟ್ಟಿಗೆ ಹೊಳೆದವು. ಹುಡುಗಿಯ ಎಡಗೈ ನಮ್ಮ ಕಣ್ಣಿಗೆ ಬೀಳಬಾರದೆಂದು ಈ ಮನುಷ್ಯ ಪಟ್ಟ ಪಾಡೆಲ್ಲ ಈ ಮೇಜಿನ ಮೇಲೆ ಬಿದ್ದಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಯ್ಯೋ ಅನ್ನಿಸಿತು.

“ನಾನೇ,” ಅಂದೆ. “ನಾನು ಎಡಗೈಯವನು.”

ಯಜಮಾನರು ನನ್ನನ್ನೇ ದಿಟ್ಟಿಸಿದರು. “ಅಂಗಾದ್ರೆ ಒಂದು ಕಿತ ಬೀಸಿ ತೋರ್ಸಿ.”

ಅಂಗಡಿಯವರು ನೂಲಿನ ತುದಿಗೆ ಸೀಸದ ಗುಂಡು ಕಟ್ಟಿಕೊಟ್ಟು, ಬಾಗಿಲ ಕಡೆ ಬೀಸಿ ಅಂದರು. ನಾನು ಎಡಗೈಯಲ್ಲಿ ಕೋಲು ಹಿಡಿದು ದೇವರ ಮೇಲೆ ಭಾರ ಹಾಕಿ ಬೀಸಿದೆ. ಗುಂಡು ಹಿಂದಕ್ಕೆ ಹಾರಿ ಜಿಂಕೆಯ ಕೊಂಬಿಗೆ ನಾಲ್ಕು ಸುತ್ತು ಸುತ್ತಿಕೊಂಡಿತು. ಅಂಗಡಿಯವರು ಸ್ಟೂಲು ತರಲು ಒಳಗೆ ಹೋದರು. ಯಜಮಾನರು ದುಡ್ಡು ಎಣಿಸಿ ಕೊಟ್ಟು ಆ ಕೋಲು, ಆ ರೀಲು ಎರಡನ್ನೂ ಕಟ್ಟಿಸಿಕೊಂಡರು.

ವಾಪಸು ಬರುವಾಗ ಮಾರ್ಕೆಟ್ಟಿನ ಹತ್ತಿರದ ಹೋಟೆಲಿನಲ್ಲಿ ಕಾಫಿಗೆ ಕೂತೆವು. ನಾನು ಹಟಕ್ಕೆ ಬಿದ್ದು ಎಡಗೈಯಲ್ಲೇ ಲೋಟ ಎತ್ತಿದೆ. ಅದು ತುಳುಕಿತು.

“ಸಾಕು ಬಿಡಿ ಸ್ವಾಮಿ, ಬಲಗೈಲೇ ಕುಡೀರಿ. ಇನ್ನೊಂದು ಪ್ಯಾಂಟೂ ಆಳಾಯ್ತದೆ,” ಅಂದರು. ಆಮೇಲೆ ಕೇಳಿದರು, “ಏಳ್ಕೊಟ್ಟೋಳು ಅವಳೇ ತಾನೆ?”

“ಹೌದು,” ಅಂದೆ. “ನನಗೆ ಗಾಳ ಹಾಕೋಕೆ ಬರಲ್ಲ. ಅದು ನಮ್ಮ ಮಾವ ಹೇಳಿದ ಸುಳ್ಳು.”

“ಇದೊಂದು ಕೈಗೇ ಎಲ್ಡು ಸಂಬಂಧ ಬಿಟ್ಟೋಯ್ತು. ಎಡಗೈಲಿ ದೀಪ ಅಚ್ಚೋ ಸೊಸೆ ಮನೆಗೆ ಒಳ್ಳೇದಲ್ಲ ಅಂದ್ರು. ಅದಕ್ಕೇ ಈ ಸಲ ಬಲಗೈಲಿ ಕಾಫಿ ಕೊಡೋದನ್ನ ಅವಳಿಗೆ ಕಲಿಸ್ದೆ. ಅಳ್ತಾ ಅಳ್ತಾ ಕಲಿತ್ಲು. ತಪ್ಪು ನಂದು, ಅವಳ್ದಲ್ಲ.” ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ನೀವ್ಯಾಕೆ ಅಲ್ಲಿ ನಾನೇ ಅಂದ್ರಿ?”

“ನನಗೆ ನಿಮ್ಮ ಮಗಳು ಬೇಕು, ಅದಕ್ಕೆ.”

ಅವರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. “ನಿಮ್ ತಾಯಿಗೆ ನಿಜಾನೇ ಏಳಿ,” ಅಂದರು. “ಅವರು ಒಪ್ಪಿದ್ರೆ ಮಾತ್ರ ಮುಂದಿನ ಮಾತು. ನನ್ ಮಗಳು ಇನ್ನೊಬ್ರ ಮನೇಲಿ ಕೈ ಬಚ್ಚಿಟ್ಕಂಡು ಬಾಳೋದು ಬ್ಯಾಡ.”

ಅಮ್ಮ ಹಿಂದಿನ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

“ಮುಚ್ಚಿಟ್ರಲ್ಲೋ ನಮಗೆ!”

“ನಾವೂ ಮುಚ್ಚಿಟ್ವಲ್ಲಮ್ಮ. ಹುಡುಗಿ ಮಾತ್ರ ಏನನ್ನೂ ಮುಚ್ಚಿಡಲಿಲ್ಲ.”

ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಕೆಲವು ದಿನ ನನ್ನ ಜೊತೆ ಮಾತೇ ಬಿಟ್ಟಳು. ಊಟಕ್ಕೆ ಬಾ ಅನ್ನುವುದನ್ನೂ ಗೋಡೆಗೆ ಹೇಳುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ, “ಬರಲಿ. ಆದ್ರೆ ನನಗೆ ಎಡಗೈಲಿ ಬಡಿಸಿದ್ರೆ ನಾನು ಉಣ್ಣಲ್ಲ, ಈಗಲೇ ಹೇಳಿದೀನಿ,” ಅಂದಳು. ಯಜಮಾನರಿಗೆ ಇದನ್ನೂ ಹಾಗೆಯೇ ತಿಳಿಸಿದೆ. ಅವರು ಮಗಳನ್ನು ಕರೆದು ಕೇಳಿದರು. ಅವಳು ಬರುತ್ತೇನೆ ಅಂದಳು. ಹೀಗೆ ಮದುವೆಯಾಯಿತು. ಕೋಲು, ರೀಲು ಎರಡನ್ನೂ ಯಜಮಾನರು, ಈಗ ನನ್ನ ಮಾವನವರು, ಮಗಳಿಗೇ ಕೊಟ್ಟುಬಿಟ್ಟರು.

ಮದುವೆಯಾದ ಹೊಸದರಲ್ಲಿ ಅವಳನ್ನು ಕೇಳಿದೆ, “ನಿಜ ಹೊರಗೆ ಬರಲಿ ಅಂತ ತಾನೆ ಬಲಗಡೆ ಹಿಡಿ ಕೇಳು ಅಂದದ್ದು?”

“ಇಲ್ಲಪ್ಪ,” ಅಂದಳು. “ಅಪ್ಪನ ಹತ್ರ ಬೇರೆ ಬೇಕಾದಷ್ಟು ಕೋಲಿತ್ತು. ಚಕ್ರ ನನಗೆ ಬೇಕಿತ್ತು. ನೀವು ಬೇಡ ಅಂದು ಹೋಗಿದ್ರೂ ಅದಾದ್ರೂ ಉಳೀತಿತ್ತಲ್ಲ!”

ನಕ್ಕೆವು. ಆದರೆ ಊಟದ ಹೊತ್ತಿಗೆ ಆ ನಗು ಇರುತ್ತಿರಲಿಲ್ಲ. ಅಮ್ಮನ ತಟ್ಟೆಗೆ ಅವಳು ಬಲಗೈಯಲ್ಲಿ ಬಡಿಸುವಳು. ಅನ್ನ ಅಂಚಿಗೆ ಬೀಳುವುದು, ಸಾರು ನೆಲಕ್ಕೆ ಚೆಲ್ಲುವುದು. ಅಮ್ಮ ಬಟ್ಟೆ ತಂದು ಒರೆಸುವಳು. ಆ ಒರೆಸುವುದೇ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಒಂದೆರಡು ಸಲ ನಾನು ತಟ್ಟೆ ಬಿಟ್ಟು ಎದ್ದೆ. ನನ್ನ ಹೆಂಡತಿ ಮಾತ್ರ, “ಕೂತ್ಕೊಳಿ, ಕಲೀತೀನಿ,” ಅನ್ನುತ್ತಿದ್ದಳು. ಅವಳು ಕಲಿಯಲೇ ಇಲ್ಲ.

ಮುಂದಿನ ಅವರೆಯ ಕಾಲದಲ್ಲಿ ನನ್ನ ಮಾವನವರು ಅಮ್ಮನನ್ನೂ ಊರಿಗೆ ಕರೆದರು. ಬೆಳಗಿನ ಬಿಸಿಲಿನಲ್ಲಿ ಎಲ್ಲರೂ ಕೆರೆಯ ಏರಿಗೆ ಹೋದೆವು. ಅಮ್ಮ ಹೊಂಗೆ ಮರದ ನೆರಳಿನಲ್ಲಿ ಕೂತಳು. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಎಡಗೈಯಲ್ಲಿ ಕೋಲು ಹಿಡಿದು ನೀರಿನಂಚಿಗೆ ಇಳಿದಳು. ಮನೆಯಲ್ಲಿ ನಾನು ಕಾಣುತ್ತಿದ್ದ, ಸೌಟು ಹಿಡಿದರೆ ಹೆದರುವ ಹುಡುಗಿ ಅವಳಲ್ಲ. ಒಮ್ಮೆ ಬೀಸಿದಳು. ನೂಲು ಬಿಚ್ಚಿಕೊಂಡು ಹೋಗಿ, ಜೊಂಡಿನ ಬುಡದಲ್ಲಿ ಸದ್ದೇ ಇಲ್ಲದೆ ಇಳಿಯಿತು. ಅಮ್ಮ ಎಲೆಅಡಿಕೆ ಮಡಿಸುತ್ತಿದ್ದವಳು ತಲೆ ಎತ್ತಿದಳು. ಆಮೇಲೆ ನೀರು ಒಡೆಯಿತು, ಕೋಲು ಬಾಗಿತು. ರೀಲು ಕಿರ್ರೆಂದು ಕೂಗಿತು. ಅವಳು ಬಲಗೈಯಲ್ಲಿ ಸುತ್ತುತ್ತ, ಎಡಗೈಯಲ್ಲಿ ಎಳೆಯುತ್ತ, ಮೊಳದುದ್ದದ ಕುಚ್ಚನ್ನು ದಡಕ್ಕೆ ತಂದಳು. ಅಮ್ಮ ಎದ್ದು ನಿಂತಿದ್ದಳು, ಎಲೆಅಡಿಕೆ ಮಡಿಲಿನಿಂದ ಕೆಳಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮೀನಿನ ಚೀಲವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

ಸಂಜೆ ರಾಜಾಜಿನಗರದ ನಮ್ಮ ಸಣ್ಣ ಅಡುಗೆಮನೆಯಲ್ಲಿ ಅಮ್ಮ ತಾನೇ ಮಸಾಲೆ ಅರೆದು ಆ ಮೀನಿನ ಸಾರು ಮಾಡಿದಳು. ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಕೂತೆವು. ನನ್ನ ಹೆಂಡತಿ ಎಂದಿನಂತೆ ಸೌಟನ್ನು ಬಲಗೈಯಲ್ಲಿ ಎತ್ತಿದಳು. ಅದು ನಡುಗಿತು. ನಾನು ತಲೆ ತಗ್ಗಿಸಿದೆ.

“ಏ ಹುಡುಗಿ,” ಅಂದಳು ಅಮ್ಮ. “ಮೀನು ಯಾವ ಕೈಲಿ ಹಿಡಿದ್ಯೋ ಅದೇ ಕೈಲಿ ಬಡಿಸು.”

ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಣ್ಣು ತುಂಬಿಕೊಂಡವು. ಸೌಟು ಎಡಗೈಗೆ ಬಂತು. ಅವತ್ತು ಒಂದು ತೊಟ್ಟು ಸಾರೂ ಚೆಲ್ಲಲಿಲ್ಲ.