ಒಗ್ಗರಣೆ ಇಲ್ಲದ ವಠಾರ

ಮೊದಲು ಬಂದದ್ದು ಸೊಂಟನೋವು. ಅಮ್ಮ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ತುಂಬಿದ ಕೊಡ ಎತ್ತಿದೆ, ಹಿಡ್ಕೊಂಡಿದೆ ಅಂದಳು. ಆಮೇಲೆ ಜ್ವರ. ಜ್ವರ ಇಳಿದ ಹಾಗಾಯಿತು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಳ್ಳಲು ಹೋದವಳು ಕೈ ಹಿಂದಕ್ಕೆ ತೆಗೆದಳು.

"ಗಿರಿಜಾ, ಇಲ್ಲಿ ನೋಡೇ. ಏನೋ ತರಿತರಿ ಸಿಗ್ತಿದೆ."

ಸಣ್ಣ ಗುಳ್ಳೆಗಳು. ಹಣೆಯ ಮೇಲೆ, ಮುಂಗೈಯ ಮೇಲೆ. ಅಂಗೈಯಲ್ಲೂ.

ಸಿಡುಬು.

ಆ ಬೇಸಿಗೆ ನಮ್ಮ ಗೋವಿಂದರಾಜನಗರದಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾಗಡಿ ರಸ್ತೆಯ ಆಚೆ ಯಾರಿಗೋ ಆಗಿದೆಯಂತೆ, ಹೇರೋಹಳ್ಳಿಯಲ್ಲಿ ಒಂದು ಮಗು ಹೋಯಿತಂತೆ. ಎಲ್ಲ ಅಂತೆಕಂತೆ. 'ಅಮ್ಮ ಬಂದಿದಾಳೆ' ಎಂದು ಕೈಮುಗಿದು ಪಿಸುಗುಡುತ್ತಿದ್ದರು. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದೇ ವಿಷಯಕ್ಕೆ ಷೀಲ್ಡ್ ಗೆದ್ದವಳು ನಾನು. ಬೇವಿನ ಸೊಪ್ಪು ತೋರಿಸಿದರೆ ವೈರಸ್ಸು ನಾಚಿಕೊಂಡು ವಾಪಸು ಹೋಗುತ್ತದೆಯೇ ಎಂದು ಕೇಳಿ ಸಭೆಯನ್ನೆಲ್ಲ ನಗಿಸಿದ್ದೆ.

ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದರು.

"ಐಸೊಲೇಷನ್ ವಾರ್ಡಲ್ಲಿ ಬೆಡ್ ಖಾಲಿ ಇಲ್ಲ. ಒಳಗಿನ ರೂಮಲ್ಲೇ ಇರ್ಲಿ. ಒಬ್ಬರೇ ನೋಡ್ಕೊಬೇಕು. ಈಚೆಗೆ ವ್ಯಾಕ್ಸಿನೇಷನ್ ಆಗಿರೋರು ಯಾರಮ್ಮ?"

"ನಾನು ಸಾರ್. ಕಾಲೇಜಲ್ಲಿ ಹಾಕಿದ್ರು. ಅಮ್ಮನಿಗೆ ಚಿಕ್ಕೋಳಿದ್ದಾಗ ಹಾಕಿದ್ದೇ ಕೊನೆ."

"ಗಂಟಲಲ್ಲೂ ಗುಳ್ಳೆ ಎದ್ದಿವೆ. ಗಂಜಿ, ನೀರು ಹೇಗಾದ್ರೂ ಒಳಗೆ ಹೋಗ್ಬೇಕು. ಸೆಕೆಂಡರಿ ಇನ್ಫೆಕ್ಷನ್ ಆಗ್ಲಿಲ್ಲ ಅಂದ್ರೆ..."

ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ಏನೂ ಅನ್ನಿಸಲಿಲ್ಲ. ಹೋಗಿ ಗಂಜಿಗೆ ಅಕ್ಕಿ ತೊಳೆದೆ.

ಮಾರನೆಯ ದಿನ ಆರೋಗ್ಯ ಇಲಾಖೆಯವರು ಸಿಡುಬಿನ ಲಸಿಕೆ, ಅಂದರೆ ದಾಕು, ಹಾಕಲು ಬಂದರು. ಅಪ್ಪನಿಗೆ ಹಾಕಿದರು. ಉಳಿದ ಮನೆಗಳ ಬಾಗಿಲು ದಡಾರನೆ ಮುಚ್ಚಿಕೊಂಡವು. ದಾಕು ಹಾಕಿಸಿಕೊಂಡರೆ ದೇವಿ ಅಮ್ಮನಿಗೆ ಸಿಟ್ಟು ಬರುತ್ತದಂತೆ. ನಾನು ನಮ್ಮ ಹೊಸ್ತಿಲಲ್ಲಿ ನಿಂತು, ಇಡೀ ವಠಾರಕ್ಕೆ ಕೇಳುವ ಹಾಗೆ, ಸ್ಪರ್ಧೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ನಗಿಸುವ ಭಾಗ ಬಿಟ್ಟು. ಕೊನೆಗೆ ಓನರ್ ಗೌರಮ್ಮ ಹೊರಗೆ ಬಂದರು. ಈ ವಠಾರ ಇರುವ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಮನೆತನದವರು. "ಆಯ್ತು ತಾಯಿ, ಬಾಯಿ ನೋಯ್ತದೆ ನಿಂಗೆ" ಎಂದು ಸೆರಗು ಸರಿಸಿ ತೋಳು ಚಾಚಿದರು. ಅವರ ಹಿಂದೆ ಎಲ್ಲರೂ.

ಅಲ್ಲಿಂದಾಚೆ ವಠಾರ ಸದ್ದಡಗಿತು.

ನಮ್ಮ ವಠಾರದ ಗೋಡೆಗಳು ಹೆಂಚಿನವರೆಗೆ ಏರುವುದಿಲ್ಲ. ಒಬ್ಬರ ಸಾರು ಎಲ್ಲರ ಮೂಗಿಗೂ ಗೊತ್ತು. ಬೆಳಿಗ್ಗೆಯಾದರೆ ಸಾಸಿವೆ ಸಿಡಿಯುವ ಸದ್ದು, ಒಣಮೆಣಸಿನಕಾಯಿ ಘಾಟು, ಯಾರದೋ ಸೀನು, ಆ ಸೀನಿಗೆ ಇನ್ನೊಬ್ಬರ ಬೈಗುಳ. ಈಗ ಅದಾವುದೂ ಇಲ್ಲ. ಹೆಂಗಸರು ನಲ್ಲಿಯ ಹತ್ತಿರ ಹರಟುವುದನ್ನೂ ಬಿಟ್ಟಿದ್ದರು. ನಾನು ಏಳುವಷ್ಟರಲ್ಲಿ ನಮ್ಮ ಕೊಡಗಳು ತುಂಬಿ ಹೊಸ್ತಿಲಾಚೆ ಕೂತಿರುತ್ತಿದ್ದವು. ಬಾಳೆಲೆ ಮುಚ್ಚಿದ ಎಳನೀರು. ಒಂದು ದಿನ ಮೊಸರು.

ಒಂದು ಸಂಗತಿಗೆ ಎರಡು ವಿವರಣೆ ಸಾಧ್ಯವಿದ್ದರೆ ಕಹಿಯಾದದ್ದನ್ನು ಮೊದಲು ಪರೀಕ್ಷಿಸುವುದು ನನ್ನ ಅಭ್ಯಾಸ. ನೀರು ತುಂಬಿಸುವುದು ಯಾಕೆ? ನಾನು ನಲ್ಲಿ ಮುಟ್ಟಬಾರದೆಂದು. ಒಲೆಯ ಸದ್ದಿಲ್ಲ ಯಾಕೆ? ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆ ಸೇರಿದ್ದಾರೆ. ಬಹಿಷ್ಕಾರ ಅಂದರೆ ಇದೇ. ಎಳನೀರು, ಮೊಸರು ಕೊಟ್ಟು ದೂರ ಇಡುವುದು.

ಯೋಚನೆ ಇಷ್ಟೇ. ಕೋಪವೂ ಬರಲಿಲ್ಲ. ಗಂಜಿ ತಿಳಿ ಮಾಡುವುದು, ಅಮ್ಮನ ತುಟಿಗೆ ಬೆಣ್ಣೆ ಸವರುವುದು, ಬಟ್ಟೆ ಕುದಿಸುವುದು. ಗುಳ್ಳೆಗಳು ಕೀವು ತುಂಬಿ ಒಂದಕ್ಕೊಂದು ಕೂಡಿಕೊಂಡವು. ಆ ಮುಖದಲ್ಲಿ ಅಮ್ಮ ಎಲ್ಲಿದ್ದಾಳೆ ಎಂದು ಹುಡುಕಬೇಕಿತ್ತು. ಒಂದು ಚಮಚ ಗಂಜಿ ನುಂಗಲು ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಸಿದ್ಧವಾಗುತ್ತಿದ್ದಳು. ಕೆಮ್ಮು ಬಂದರೆ ರಕ್ತ.

ಅಂಥ ಒಂದು ಮಧ್ಯಾಹ್ನ ಗೌರಮ್ಮ ಅಂಗಳದಿಂದ ಕೂಗಿದರು. ಕೈಯಲ್ಲಿ ಬೇವಿನ ಕೊಂಬೆ.

"ಇದನ್ನ ಬಾಗಿಲಿಗೆ ಸಿಗಿಸಮ್ಮ. ಎಳೇದನ್ನ ಅಮ್ಮನ ಪಕ್ಕ ಹಾಸು."

"ಬೇಡ ಗೌರಮ್ಮನೋರೆ. ವಠಾರದವರನ್ನೆಲ್ಲ ಖಾಲಿ ಮಾಡಿಸಿ ಆಯ್ತಲ್ಲ. ಇನ್ನು ಸೊಪ್ಪು ಯಾಕೆ?"

"ಯಾರನ್ನ ಖಾಲಿ ಮಾಡ್ಸಿದ್ದು?"

"ಒಂದು ಮನೇಲೂ ಒಗ್ಗರಣೆ ಸದ್ದಿಲ್ಲ. ನಾನೇನು ಕಿವುಡೀನಾ?"

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ದೊಡ್ಡ ನಗು.

"ಲೇ ಹುಡ್ಗಿ! ಎಲ್ಲಾರೂ ಇಲ್ಲೇ ಅವ್ರೆ ಕಣೇ. ಅಮ್ಮ ಬಂದಿರೋ ಮನೆ ಪಕ್ಕ ಒಗ್ಗರಣೆ ಹಾಕ್ತಾರಾ? ಘಾಟು ಬಡೀಬಾರ್ದು. ಅವತ್ತಿಂದ ಇಡೀ ವಠಾರ ಬೇಯ್ಸಿದ್ದು ತಿಂತೈತೆ. ನಮ್ಮ ಯಜಮಾನ್ರಂತೂ ತಟ್ಟೆ ಮುಂದೆ ಕೂತು ನನ್ ಮುಖ ನೋಡ್ತಾರೆ, ಸತ್ತೋರ್ ಮನೇಲಿ ಉಣ್ಣೋ ಹಂಗೆ."

ಪಕ್ಕದ ಮನೆಯ ಕಿಟಕಿಯೊಳಗಿಂದ ಯಾರೋ ಅಂದರು: "ನಮ್ಮನೆ ಐಕ್ಳು ಹಪ್ಪಳಕ್ಕೆ ಅಳ್ತಾವೆ ಕಣವ್ವ, ನಿಮ್ಮಮ್ಮಂಗೆ ಬೇಗ ಇಳೀಲಿ!"

ನಾನು ಸುಮ್ಮನಿರಬಹುದಿತ್ತು. "ಹಾಗಾದ್ರೆ ಯಾರೂ ಹತ್ರ ಬರ್ತಿಲ್ಲ ಯಾಕೆ?" ಅಂದೆ.

"ಭಯ. ಭಯ ಇಲ್ಲ ಅಂದ್ರೆ ಸುಳ್ಳಾಯ್ತದೆ." ಗೌರಮ್ಮ ಕೊಂಬೆಯನ್ನು ನಮ್ಮ ಕೊಡದ ಮೇಲಿಟ್ಟರು. "ನಿನ್ ಮಾತಿಗೆ ನಾವು ದಾಕು ಹಾಕಿಸ್ಕಂಡ್ವಿ. ನಮ್ ಮಾತಿಗೆ ನೀನು ನಾಕು ಎಲೆ ಹಾಸಕ್ಕಾಗಲ್ವಾ?"

ಸೊಪ್ಪು ಒಳಗೆ ತಂದೆ. ಅಮ್ಮ ಬೆರಳಿನಿಂದ ತಡವಿ ನೋಡಿ, ಒಂದು ಎಲೆಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಳು.

ಮುಂದಿನ ಸಲ ಬಂದಾಗ ಡಾಕ್ಟರನ್ನು ಕೇಳಿದೆ. ಒಗ್ಗರಣೆಗೂ ಸಿಡುಬಿಗೂ ಸಂಬಂಧ ಇದೆಯಾ ಸಾರ್? "ಇಲ್ಲಮ್ಮ" ಅಂದರು. ಬಾಗಿಲವರೆಗೆ ಹೋದವರು ತಿರುಗಿದರು. "ಆದರೆ ಆ ಗಂಟಲಿಗೆ ಘಾಟು ಬಡಿದು ಕೆಮ್ಮು ಹತ್ತಿದ್ದರೆ ಗಂಜಿ ಇಳೀತಿರಲಿಲ್ಲ."

ಇದನ್ನು ನಾನು ಗೌರಮ್ಮನ ಗೆಲುವೆಂದು ಒಪ್ಪುವುದಿಲ್ಲ. ಅಮ್ಮನನ್ನು ಉಳಿಸಿದ್ದು ಬೇವು ಅಂತಲೂ ಅನ್ನುವುದಿಲ್ಲ. ಯಾವುದು ಉಳಿಸಿತೆಂದು ಡಾಕ್ಟರಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ದೇವಿಗೆ ಹೆದರಿದವರು, ರೋಗಕ್ಕೆ ಹೆದರಿದವರು, ಎರಡಕ್ಕೂ ಹೆದರಿದವರು, ಹೊತ್ತು ಹೊತ್ತಿಗೆ ಸಪ್ಪೆ ಉಂಡರು. ನನಗೆ ಹೇಳಲೂ ಇಲ್ಲ. ಹೇಳಬೇಕಾದ ವಿಷಯ ಎಂದು ಅವರಿಗೆ ಅನ್ನಿಸಿರಲಿಲ್ಲ.

ಹಕ್ಕಳೆಗಳು ಒಣಗಿ ಉದುರಿದವು. ಮುಖದ ತುಂಬ ಕುಳಿ. ಎಡಗಣ್ಣು ಮಂಜು. ಅಮ್ಮ ಕನ್ನಡಿ ಕೇಳಿದಳು, ಕೊಟ್ಟೆ. ನೋಡಿ ಬೋರಲು ಇಟ್ಟಳು. "ವಿಭೂತಿ ಕೊಡು" ಅಂದಳು. ಕುಳಿಗಳ ಮೇಲೆ ಮೂರು ಗೆರೆ ನೆಟ್ಟಗೆ ಬರಲಿಲ್ಲ.

ಅಮ್ಮನ ತಲೆಗೆ ನೀರು ಹಾಕಿದ ದಿನ ಗೌರಮ್ಮ ಅಂಗಳದಿಂದ ಅಂದರು: "ಮೊದ್ಲು ನಿಮ್ಮನೆ ಒಗ್ಗರಣೆ ಗಿರಿಜಾ. ನೀವು ಹಾಕ್ದೆ ಯಾರೂ ಹಾಕಂಗಿಲ್ಲ."

ಅಡುಗೆ ನನಗೆ ಅಷ್ಟಕ್ಕಷ್ಟೆ. ಎಣ್ಣೆ ಕಾಯಿತು. ಸಾಸಿವೆ ಹಾಕಿದೆ. ಸಿಡಿಯಿತು. ಕರಿಬೇವು, ಮೆಣಸಿನಕಾಯಿ. ಆಮೇಲೆ ಗೋಡೆಯಾಚೆ ಒಂದು ಚಟಪಟ. ಅದರಾಚೆ ಇನ್ನೊಂದು. ಆ ಕೊನೆಯವರೆಗೂ. ಎಲ್ಲಿಯೋ ಹಪ್ಪಳ ಎಣ್ಣೆಗೆ ಬಿತ್ತು, ಮಕ್ಕಳು ಕೂಗಿಕೊಂಡರು. ನಾನು ಬಾಣಲೆಯ ಹಿಡಿ ಹಿಡಿದು ನಿಂತೇ ಇದ್ದೆ.

ಒಳಗಿನ ರೂಮಿನಿಂದ ಸೀನು. ಹಿಂದೆಯೇ ಅಮ್ಮನ ದನಿ, ಒಡಕು, ಆದರೂ ಜೋರು:

"ಮೆಣಸಿನಕಾಯಿ ಸೀದೋಯ್ತಲ್ಲೇ, ಇಳಿಸೇ!"